ಹರೆಯದಲ್ಲೇ ಲಕ್ವ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟರಿಂದ ಐವತ್ತೈದರ ಒಳಗಿನವರಿಗೆ ಬರುವ ಪಾರ್ಶ್ವವಾಯುವಿನ ಬಗ್ಗೆ ಒಪಿಡಿ ಸಾಲಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲಿಗೆ ಸರಳವಾದವು, ಮುಂದೆ ಹೋದಂತೆ ಜಟಿಲವಾದವು. ತುರ್ತಿನಲ್ಲಿ ಓದುತ್ತಿದ್ದರೆ ನೇರ ಮೂರನೆಯ ಪ್ರಶ್ನೆಗೆ ಹೋಗಿ.

## ಮೊದಲು ತಿಳಿಯಬೇಕಾದದ್ದು

ಸ್ಟ್ರೋಕ್, ಲಕ್ವ, ಪಾರ್ಶ್ವವಾಯು ಎಲ್ಲಾ ಒಂದೇನಾ? ಬಾಯಿ ಸೊಟ್ಟಗಾದ್ರೂ ಲಕ್ವ ಅಂತಾರಲ್ಲ?

ಸ್ಟ್ರೋಕ್ ಆಗುವುದು ಮೆದುಳಿನ ರಕ್ತನಾಳದಲ್ಲಿ. ನಾಳ ಕಟ್ಟಿಕೊಳ್ಳಬಹುದು, ಇಲ್ಲವೇ ಒಡೆಯಬಹುದು. ನಮ್ಮಲ್ಲಿ ನಾಲ್ಕರಲ್ಲಿ ಸುಮಾರು ಮೂರು ಕಟ್ಟಿಕೊಂಡವು, ಉಳಿದದ್ದು ಒಡೆದವು. ಅದರಿಂದ ಒಂದು ಪಕ್ಕದ ಕೈಕಾಲು ಬಿದ್ದುಹೋದರೆ ಜನ ಲಕ್ವ ಹೊಡೆಯಿತು ಅನ್ನುತ್ತಾರೆ. ಆದರೆ ಕೈಕಾಲು ಗಟ್ಟಿಯಾಗಿದ್ದೂ ಮಾತು ಮಾತ್ರ ಹೋಗುವ, ಅರ್ಧ ದೃಷ್ಟಿ ಮಾತ್ರ ಹೋಗುವ, ನಡೆಯಲು ನಿಂತರೆ ಒಂದು ಕಡೆಗೆ ವಾಲುವ ಸ್ಟ್ರೋಕ್‌ಗಳೂ ಇವೆ. ಲಕ್ವ ಕಾಣದಿದ್ದರೆ ಸ್ಟ್ರೋಕ್ ಅಲ್ಲ ಎಂದುಕೊಳ್ಳುವುದೇ ಮೊದಲ ತಪ್ಪು.

ಬಾಯಿ ಸೊಟ್ಟಗಾಗುವುದರಲ್ಲಿ ಎರಡು ಬಗೆ. ಮುಖದ ನರವೊಂದೇ ಊದಿಕೊಂಡು ಆಗುವ ಬೆಲ್ಸ್ ಪಾಲ್ಸಿಯಲ್ಲಿ ಆ ಪಕ್ಕದ ಹಣೆಯೂ ಸುಕ್ಕುಗಟ್ಟುವುದಿಲ್ಲ, ಕಣ್ಣೂ ಪೂರ್ತಿ ಮುಚ್ಚುವುದಿಲ್ಲ, ಕೈಕಾಲು ಚೆನ್ನಾಗಿರುತ್ತವೆ. ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಹುಬ್ಬು ಏರಿಸಲು ಬರುತ್ತದೆ, ಬಾಯಿಯ ಭಾಗ ಮಾತ್ರ ಜೋಲುತ್ತದೆ. ಆದರೂ ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ನಾಟಿ ಔಷಧಿಯಿಂದ ಲಕ್ವ ವಾಸಿಯಾಯಿತು ಎಂದು ಕೇಳಿಬರುವ ಎಷ್ಟೋ ಸುದ್ದಿಗಳ ಹಿಂದೆ ಇರುವುದು ಈ ಬೆಲ್ಸ್ ಪಾಲ್ಸಿ. ಹೆಚ್ಚಿನವರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವಂಥದ್ದು.

"ಯಂಗ್ ಸ್ಟ್ರೋಕ್" ಅಂದ್ರೆ ಎಷ್ಟು ವಯಸ್ಸಿನವರೆಗೆ?

ಒಬ್ಬೊಬ್ಬರದು ಒಂದೊಂದು ಗೆರೆ. 45 ಎನ್ನುವವರಿದ್ದಾರೆ, 50 ಎನ್ನುವವರಿದ್ದಾರೆ, ಅಮೆರಿಕ ಮತ್ತು ಬ್ರಿಟನ್ನಿನ ದೊಡ್ಡ ಅಧ್ಯಯನಗಳು 55 ಹಿಡಿದಿವೆ. 45ರಿಂದ 54ರ ನಡುವೆ ಸ್ಟ್ರೋಕ್ ಸಂಖ್ಯೆ ಕಡಿದಾಗಿ ಏರುವುದರಿಂದ ಗೆರೆ ಎಲ್ಲಿ ಎಳೆದಿದ್ದಾರೆ ಎಂದು ನೋಡದೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವಂತಿಲ್ಲ. ಪತ್ರಿಕೆಯಲ್ಲಿ 'ಯುವಜನರಲ್ಲಿ ಹೆಚ್ಚಳ' ಎಂದು ಓದಿದಾಗ ಮೊದಲು ಹುಡುಕಬೇಕಾದದ್ದು ಆ ವಯಸ್ಸಿನ ಗೆರೆಯನ್ನು.

ಎದುರಿಗೇ ಒಬ್ಬರಿಗೆ ಸ್ಟ್ರೋಕ್ ಆಗ್ತಿದೆ ಅನ್ನಿಸಿದ್ರೆ ಏನು ಮಾಡ್ಬೇಕು? ಏನು ಮಾಡ್ಬಾರ್ದು?

ನಗಲು ಹೇಳಿ: ಬಾಯಿ ಒಂದು ಪಕ್ಕ ಜೋಲುತ್ತದೆಯೇ ನೋಡಿ. ಎರಡೂ ಕೈ ಮುಂದೆ ಚಾಚಿ ಹತ್ತು ಎಣಿಸಲು ಹೇಳಿ: ಒಂದು ಕೈ ಕೆಳಗಿಳಿಯುತ್ತದೆಯೇ ನೋಡಿ. ಒಂದು ಸಣ್ಣ ವಾಕ್ಯ ಹೇಳಿಸಿ: ಮಾತು ತೊದಲುತ್ತದೆಯೇ, ತಾಳತಪ್ಪಿದೆಯೇ ಗಮನಿಸಿ. ಇದಕ್ಕೆ ಇನ್ನೆರಡು ಸೇರಿಸಿ: ಇದ್ದಕ್ಕಿದ್ದಂತೆ ಆಯ ತಪ್ಪುವುದು, ಇದ್ದಕ್ಕಿದ್ದಂತೆ ದೃಷ್ಟಿ ಹೋಗುವುದು ಅಥವಾ ಒಂದು ಎರಡಾಗಿ ಕಾಣುವುದು. ಇವುಗಳಲ್ಲಿ ಒಂದಿದ್ದರೂ ಸಾಕು, 108ಕ್ಕೆ ಕರೆ ಮಾಡಿ.

ಗಡಿಯಾರ ನೋಡಿ ಸಮಯ ಬರೆದಿಡಿ. ಆಸ್ಪತ್ರೆಯಲ್ಲಿ ಕೇಳುವುದು 'ಯಾವಾಗ ಗೊತ್ತಾಯಿತು' ಎಂದಲ್ಲ, 'ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ' ಎಂದು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಎದ್ದಾಗ ಕೈ ಬಿದ್ದಿದ್ದರೆ ಲೆಕ್ಕ ಶುರುವಾಗುವುದು ಹನ್ನೊಂದರಿಂದ. ರೋಗಿಯ ಮಾತು ಹೋಗಿದ್ದರೆ ಈ ಸಮಯ ಗೊತ್ತಿರುವವರೇ ಜೊತೆಗೆ ಹೋಗಬೇಕು. ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳು, ಹಳೆಯ ಚೀಟಿಗಳು, ಆಧಾರ್, ರೇಷನ್ ಕಾರ್ಡ್ ಒಂದೇ ಕವರಿಗೆ ಹಾಕಿಕೊಳ್ಳಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಮ್ಮೆ ಶುಗರ್ ನೋಡಿ, ಏಕೆಂದರೆ ಶುಗರ್ ತೀರಾ ಇಳಿದಾಗಲೂ ಕೈಕಾಲು ಬಿದ್ದಂತೆಯೇ ಕಾಣುತ್ತದೆ.

ಬಾಯಿಗೆ ಏನನ್ನೂ ಹಾಕಬೇಡಿ. ನೀರು, ಕಾಫಿ, ಮಾತ್ರೆ ಯಾವುದೂ ಬೇಡ, ನುಂಗುವ ಶಕ್ತಿ ಹೋಗಿದ್ದರೆ ಅದು ನೇರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹೃದಯಾಘಾತಕ್ಕೆ ಕೊಡುವ ಹಾಗೆ ಆಸ್ಪಿರಿನ್ ಕೊಡಬೇಡಿ: ನಾಳ ಕಟ್ಟಿದೆಯೋ ಒಡೆದಿದೆಯೋ ಸಿಟಿ ಸ್ಕ್ಯಾನ್ ಇಲ್ಲದೆ ಯಾರಿಗೂ ಗೊತ್ತಾಗುವುದಿಲ್ಲ. ಬಿಪಿ 190 ಇದೆ ಎಂದು ಮಾತ್ರೆ ನಾಲಿಗೆ ಕೆಳಗಿಡಬೇಡಿ. ಕಟ್ಟಿದ ನಾಳದ ಆಚೆಗೆ ಒಂದಿಷ್ಟು ರಕ್ತ ಹೋಗುತ್ತಿರುವುದೇ ಆ ಒತ್ತಡದಿಂದ, ಅದನ್ನು ದಿಢೀರನೆ ಇಳಿಸಿದರೆ ಉಳಿದ ಮೆದುಳೂ ಹೋಗುತ್ತದೆ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಬಿಡಿಸಿ ಎನ್ನುವ ವಾಟ್ಸಾಪ್ ಸಂದೇಶ ಶುದ್ಧ ಸುಳ್ಳು. ಪಾರಿವಾಳದ ರಕ್ತ ಸವರುವುದರಲ್ಲಿ ಹೋಗುವುದೂ ಸಮಯವೇ.

ಆಸ್ಪತ್ರೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಈಗ, ಈ ಹೊತ್ತಿನಲ್ಲಿ, ಸಿಟಿ ಸ್ಕ್ಯಾನ್ ನಡೆಯುತ್ತದೆಯೇ? ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಡ್ರಿಪ್ ಹಾಕಿಸಿಕೊಂಡು ಎರಡು ಗಂಟೆ ಕಳೆದು ಆಮೇಲೆ ಹೊರಡುವುದಕ್ಕಿಂತ ಅರ್ಧ ಗಂಟೆ ಹೆಚ್ಚು ದೂರದ, ಸ್ಕ್ಯಾನ್ ಇರುವ ಕಡೆಗೆ ನೇರ ಹೋಗುವುದು ವಾಸಿ. ದೊಡ್ಡ ನಾಳ ಕಟ್ಟಿದಾಗ ಚಿಕಿತ್ಸೆ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ.

ತಲೆಸುತ್ತು ಅಂತ ಹೋದ್ರೆ ಗ್ಯಾಸ್ಟ್ರಿಕ್ ಅಂದ್ರು, ಮಾರನೇ ದಿನ ಸ್ಟ್ರೋಕ್ ಅಂದ್ರು. ಚಿಕ್ಕವರಲ್ಲಿ ಯಾಕೆ ಹೀಗೆ ತಪ್ಪುತ್ತೆ?

ಮೂವತ್ತೈದರವನಿಗೆ ಸ್ಟ್ರೋಕ್ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಮನೆಯವರಿಗೂ, ಒಮ್ಮೊಮ್ಮೆ ವೈದ್ಯರಿಗೂ. ಕುಡಿದಿದ್ದಾನೆ, ನಿದ್ದೆಗೆಟ್ಟಿದ್ದಾನೆ, ಟೆನ್ಷನ್ನು, ಮೈಗ್ರೇನು, ದೇವರು ಮೈಮೇಲೆ ಬಂದಿದೆ ಎಂದು ಏನೇನೋ ಕಾರಣ ಸಿಗುತ್ತವೆ. ಹೆಚ್ಚು ತಪ್ಪಿಹೋಗುವುದು ಮೆದುಳಿನ ಹಿಂಭಾಗದ ಸ್ಟ್ರೋಕ್: ತಲೆಸುತ್ತು, ವಾಂತಿ, ಎರಡೆರಡು ಕಾಣುವುದು, ನಡಿಗೆ ತಪ್ಪುವುದು. ನಗು-ಕೈ-ಮಾತು ಪರೀಕ್ಷೆ ಮಾತ್ರ ಮಾಡಿದರೆ ಸುಮಾರು ಏಳರಲ್ಲಿ ಒಂದು ಸ್ಟ್ರೋಕ್ ಕಣ್ಣಿಗೆ ಬೀಳುವುದಿಲ್ಲ.

ಒಂದು ಸುಳಿವು ನೆನಪಿಡಿ. ಕಿವಿಯ ತೊಂದರೆಯಿಂದ ತಲೆ ಸುತ್ತುವವರು ಕಷ್ಟಪಟ್ಟಾದರೂ ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಾರೆ. ಹಿಡಿದುಕೊಂಡರೂ ನಿಲ್ಲಲಾಗದೆ ಒಂದೇ ಪಕ್ಕಕ್ಕೆ ಬೀಳುವಂತಿದ್ದರೆ ಸಿಟಿ ನಾರ್ಮಲ್ ಬಂದರೂ ಎಂಆರ್‌ಐ ಕೇಳಿ. ಹಿಂಭಾಗದ ಸಣ್ಣ ಸ್ಟ್ರೋಕ್ ಮೊದಲ ದಿನದ ಸಿಟಿಯಲ್ಲಿ ಕಾಣದಿರುವುದೇ ಹೆಚ್ಚು.

## ಅಂಕಿಗಳ ಪ್ರಶ್ನೆ

ನಿಜವಾಗ್ಲೂ ಜಾಸ್ತಿ ಆಗ್ತಿದೆಯಾ, ಇಲ್ಲ ಮೊಬೈಲ್‌ನಲ್ಲಿ ಜಾಸ್ತಿ ಕಾಣ್ತಿದೆಯಾ?

ದಶಕಗಟ್ಟಲೆ ಒಂದೇ ಜಾಗದ ಎಲ್ಲ ಸ್ಟ್ರೋಕ್‌ಗಳನ್ನೂ ಬಿಡದೆ ಬರೆದಿಟ್ಟ ಕೆಲವು ಊರುಗಳಿವೆ. ಅಲ್ಲಿನ ಉತ್ತರ: ಹೌದು, ಏರಿದೆ.

ಅಮೆರಿಕದ ಸಿನ್ಸಿನಾಟಿ ಸುತ್ತಮುತ್ತ 1993–94ರಲ್ಲಿ ಸ್ಟ್ರೋಕ್ ಆದವರಲ್ಲಿ 55ರ ಒಳಗಿನವರು ಶೇ 12.9 ಇದ್ದರು, 2005ಕ್ಕೆ ಅದು ಶೇ 18.6 ಆಯಿತು. ಸ್ಟ್ರೋಕ್ ಬರುವ ಸರಾಸರಿ ವಯಸ್ಸು 71.2ರಿಂದ 69.2ಕ್ಕೆ ಇಳಿಯಿತು. 20–54ರ ವಯೋಮಾನದ ಬಿಳಿಯರಲ್ಲಿ ವರ್ಷಕ್ಕೆ ಲಕ್ಷಕ್ಕೆ 26 ಇದ್ದದ್ದು 48 ಆಯಿತು, ಕರಿಯರಲ್ಲಿ 83ರಿಂದ 128ಕ್ಕೆ ಹೋಯಿತು. ಫ್ರಾನ್ಸಿನ ದಿಜೋನ್ ಪಟ್ಟಣದಲ್ಲಿ 55ರ ಒಳಗಿನವರ ದರ 1985–93ರಲ್ಲಿ ಲಕ್ಷಕ್ಕೆ 8.1, 2003–11ರಲ್ಲಿ 18.1. ನೆದರ್ಲೆಂಡ್ಸ್‌ನಲ್ಲಿ 18–50ರವರಲ್ಲಿ 1998ರಿಂದ 2010ರ ನಡುವೆ 14.0ರಿಂದ 17.2. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ 2002–10ಕ್ಕೆ ಹೋಲಿಸಿದರೆ 2010–18ರಲ್ಲಿ 55ರ ಒಳಗಿನವರಲ್ಲಿ ಶೇ 67 ಏರಿಕೆ, ಅದೇ ಊರಿನ 55 ದಾಟಿದವರಲ್ಲಿ ಶೇ 15 ಇಳಿಕೆ.

ಹಿರಿಯರಲ್ಲಿ ಇಳಿಯುತ್ತಿರುವಾಗ ಕಿರಿಯರಲ್ಲಿ ಏರುತ್ತಿದೆ. ಇದೇ ಇಲ್ಲಿನ ವಿಚಿತ್ರ. ಆದರೂ ಒಂದು ಅಳತೆ ಕೈಬಿಡಬಾರದು: ಲಕ್ಷಕ್ಕೆ ಹದಿನೇಳು ಎಂದರೆ ಹಳ್ಳಿಗೆ ಒಬ್ಬರೂ ಅಲ್ಲ. ಸ್ಟ್ರೋಕ್ ಈಗಲೂ ಮುಖ್ಯವಾಗಿ ವಯಸ್ಸಾದವರ ಕಾಯಿಲೆಯೇ.

ಮೊದ್ಲು ಎಂಆರ್‌ಐ ಇರ್ಲಿಲ್ಲ, ಈಗ ಇದೆ. ಅದಕ್ಕೇ ಜಾಸ್ತಿ ಕಾಣ್ತಿದೆ ಅಂತಾರಲ್ಲ?

ಅದರಲ್ಲಿ ಒಂದಿಷ್ಟು ಸತ್ಯವಿದೆ. ಹಿಂದೆ ಅರ್ಧ ಗಂಟೆ ಕೈ ಜೋಮು ಹಿಡಿದು ಸರಿಹೋದರೆ 'ಮಿನಿ ಸ್ಟ್ರೋಕ್' ಎಂದು ಬರೆಯುತ್ತಿದ್ದರು. ಈಗ ಎಂಆರ್‌ಐನಲ್ಲಿ ಬಿಳಿ ಚುಕ್ಕೆ ಕಂಡರೆ ಅದೇ ಘಟನೆ 'ಸ್ಟ್ರೋಕ್' ಪಟ್ಟಿಗೆ ಸೇರುತ್ತದೆ. ರೋಗ ಏರದಿದ್ದರೂ ಎಣಿಕೆ ಏರುತ್ತದೆ. ಮಿನಿ ಸ್ಟ್ರೋಕ್‌ಗಳೇ ಸ್ಟ್ರೋಕ್ ಪಟ್ಟಿಗೆ ಜರುಗಿದ್ದರೆ ಮಿನಿ ಸ್ಟ್ರೋಕ್ ಸಂಖ್ಯೆ ಇಳಿಯಬೇಕಿತ್ತು. ಆಕ್ಸ್‌ಫರ್ಡ್‌ಶೈರಿನಲ್ಲಿ ಕಿರಿಯರ ಮಿನಿ ಸ್ಟ್ರೋಕ್ ಕೂಡ ಏರಿದೆ, ತೀವ್ರತೆಯ ಯಾವ ಹಂತ ತೆಗೆದುಕೊಂಡರೂ ಅದೇ ಚಿತ್ರ. ಇನ್ನೊಂದು ಕುತೂಹಲ: ಅದೇ ವಯಸ್ಸಿನವರಲ್ಲಿ ಹೃದಯಾಘಾತ ಹಾಗೆ ಏರಲಿಲ್ಲ. ಬರೀ ತಪಾಸಣೆಯ ಮಾಯೆಯಾಗಿದ್ದರೆ ಇಷ್ಟೆಲ್ಲ ಒಟ್ಟಿಗೆ ಹೊಂದುವುದು ಕಷ್ಟ. ನಮ್ಮ ಅಂದಾಜಿನಲ್ಲಿ ಏರಿಕೆಯ ಒಂದು ಪಾಲು ಯಂತ್ರದ್ದು, ದೊಡ್ಡ ಪಾಲು ರೋಗದ್ದು.

ಸುದ್ದಿ ಓದುವಾಗ ಎಣಿಸಿದ್ದು ಏನನ್ನು ಎಂದೂ ನೋಡಿ. ಅಮೆರಿಕದಲ್ಲಿ 2011–13ರಿಂದ 2020–22ರ ನಡುವೆ 18–44ರವರಲ್ಲಿ ಶೇ 14.6 ಹೆಚ್ಚಳ ಎಂಬ ಅಂಕಿ ಬಂದದ್ದು ಫೋನ್ ಮಾಡಿ 'ನಿಮಗೆ ಎಂದಾದರೂ ಸ್ಟ್ರೋಕ್ ಆಗಿತ್ತೆಂದು ವೈದ್ಯರು ಹೇಳಿದ್ದಾರೆಯೇ' ಎಂದು ಕೇಳಿದ ಸಮೀಕ್ಷೆಯಿಂದ. ಅದು ಹೊಸ ಸ್ಟ್ರೋಕ್‌ಗಳ ದರ ಅಲ್ಲ. ಬದುಕುಳಿಯುವವರು ಹೆಚ್ಚಾದರೂ ಆ ಅಂಕಿ ಏರುತ್ತದೆ.

ನಮ್ಮ ದೇಶದಲ್ಲಿ ಸ್ಟ್ರೋಕ್ ಆದವರಲ್ಲಿ ನೂರಕ್ಕೆ ಇಪ್ಪತ್ತು-ಮೂವತ್ತು ಜನ ಚಿಕ್ಕವರಂತೆ. ಹಾಗಾದ್ರೆ ವಿದೇಶದವರಿಗಿಂತ ನಮಗೇ ಅಪಾಯ ಜಾಸ್ತಿನಾ?

ಆ ಅಂಕಿಗಳು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ದಾಖಲಾತಿಯಿಂದ ಬಂದವು. ಎಂಬತ್ತರ ಅಜ್ಜಿಗೆ ಲಕ್ವ ಹೊಡೆದರೆ ಎಷ್ಟೋ ಮನೆಗಳಲ್ಲಿ ಊರಲ್ಲೇ ನೋಡಿಕೊಳ್ಳುತ್ತಾರೆ. ಮೂವತ್ತರ ಮಗನಿಗಾದರೆ ಹೊಲ ಅಡವಿಟ್ಟಾದರೂ ಬೆಂಗಳೂರಿಗೋ ಹುಬ್ಬಳ್ಳಿಗೋ ಒಯ್ಯುತ್ತಾರೆ. ಆಸ್ಪತ್ರೆಯ ಪುಸ್ತಕದಲ್ಲಿ ಕಿರಿಯರು ಹೆಚ್ಚು ಕಾಣುವುದರಲ್ಲಿ ಇದರ ಪಾಲೂ ಇದೆ. ಮನೆಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ತಿರುವನಂತಪುರದ 2005ರ ನೋಂದಣಿಯಲ್ಲಿ 40ರವರೆಗಿನವರು ಶೇ 3.8 ಮಾತ್ರ.

ಎರಡನೆಯದು ಜನಸಂಖ್ಯೆಯ ಆಕಾರ. ಲೆಕ್ಕಕ್ಕೆಂದು ಎರಡು ಊರು ಊಹಿಸಿಕೊಳ್ಳಿ, ತಲಾ ಒಂದು ಲಕ್ಷ ಜನ. ಎರಡರಲ್ಲೂ ಅಪಾಯ ಒಂದೇ: ಕಿರಿಯರಲ್ಲಿ ಲಕ್ಷಕ್ಕೆ 20, ಹಿರಿಯರಲ್ಲಿ ಲಕ್ಷಕ್ಕೆ 400. ಮೊದಲ ಊರಿನಲ್ಲಿ 80 ಸಾವಿರ ಕಿರಿಯರು, 20 ಸಾವಿರ ಹಿರಿಯರು. ಅಲ್ಲಿ ವರ್ಷಕ್ಕೆ 16 ಕಿರಿಯರಿಗೆ, 80 ಹಿರಿಯರಿಗೆ ಸ್ಟ್ರೋಕ್, ಅಂದರೆ ಆರರಲ್ಲಿ ಒಬ್ಬರು ಕಿರಿಯರು. ಎರಡನೆಯ ಊರಿನಲ್ಲಿ ಅರ್ಧಕ್ಕರ್ಧ. ಅಲ್ಲಿ 10 ಮತ್ತು 200, ಅಂದರೆ ಇಪ್ಪತ್ತೊಂದರಲ್ಲಿ ಒಬ್ಬರು. ಅಪಾಯ ಒಂದಿಷ್ಟೂ ಬದಲಾಗಿಲ್ಲ, ಪ್ರತಿಶತ ಮಾತ್ರ ಮೂರೂವರೆ ಪಟ್ಟು. ಭಾರತ ಮೊದಲ ಊರಿನಂತೆ, ಯುರೋಪು ಎರಡನೆಯದರಂತೆ. ಆದ್ದರಿಂದ 'ನೂರಕ್ಕೆ ಇಷ್ಟು' ಎನ್ನುವ ಅಂಕಿಯನ್ನು ಬಿಟ್ಟು 'ಆ ವಯಸ್ಸಿನ ಲಕ್ಷ ಜನಕ್ಕೆ ಇಷ್ಟು' ಎನ್ನುವುದನ್ನು ಕೇಳಬೇಕು.

ಹಾಗೆಂದು ನಿರಾಳವಾಗುವಂತಿಲ್ಲ. ವರ್ಷಕ್ಕೆ ಸುಮಾರು 12 ಲಕ್ಷ ಹೊಸ ಸ್ಟ್ರೋಕ್ ಆಗುವ ದೇಶದಲ್ಲಿ ಸಣ್ಣ ಪ್ರತಿಶತವೂ ಹತ್ತಾರು ಸಾವಿರ ಸಂಸಾರಗಳ ದುಡಿಯುವ ಕೈ.

## ಕಾರಣಗಳು

ನನಗೆ ಮೂವತ್ತೆಂಟು. ತಲೆನೋವಿಲ್ಲ, ಸುಸ್ತಿಲ್ಲ. ಬಿಪಿ ಯಾಕೆ ನೋಡಿಸ್ಕೋಬೇಕು?

ಬಿಪಿ ಏರಿದ್ದು ಮೈಗೆ ಗೊತ್ತಾಗುವುದಿಲ್ಲ, ಅದಕ್ಕೆ. ಮೂವತ್ತೆರಡು ದೇಶಗಳಲ್ಲಿ ನಡೆದು 2016ರಲ್ಲಿ ಹೊರಬಂದ ಇಂಟರ್‌ಸ್ಟ್ರೋಕ್ ಅಧ್ಯಯನದಲ್ಲಿ ಸ್ಟ್ರೋಕ್ ಅಪಾಯದ ಹತ್ತರಲ್ಲಿ ಒಂಬತ್ತು ಪಾಲು ಹತ್ತು ಕಾರಣಗಳಲ್ಲಿ ಮುಗಿದುಹೋಯಿತು. ಮೊದಲ ಸ್ಥಾನ ಬಿಪಿಯದು. ನಾಳ ಒಡೆದು ಆಗುವ ಸ್ಟ್ರೋಕ್‌ನಲ್ಲಂತೂ ಅದರ ಪಾಲು ಇನ್ನೂ ದೊಡ್ಡದು.

ಅಳೆಯುವ ರೀತಿ ಸರಿ ಇರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂತಿರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿಯನ್ನು ಅಂಗಿ ತೋಳಿನ ಮೇಲೆ ಕಟ್ಟಬೇಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಇದೆ ಎಂದು ತೋರಿಸುತ್ತದೆ. ಮಾತಾಡುತ್ತಾ ಅಳೆದರೂ ಏರುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಮನೆಯಲ್ಲಿ ಹಲವು ದಿನ 135/85 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಿ. ಮೂವತ್ತರ ಒಳಗೇ ಬಿಪಿ ಸಿಕ್ಕರೆ ಕಿಡ್ನಿ, ಕಿಡ್ನಿಯ ರಕ್ತನಾಳ, ಅಡ್ರಿನಲ್ ಗ್ರಂಥಿ ಪರೀಕ್ಷಿಸದೆ ಬರೀ ಮಾತ್ರೆ ಬರೆದು ಕಳಿಸುವುದು ಅರ್ಧ ಕೆಲಸ.

ಉಪ್ಪು ಒಟ್ಟು ದಿನಕ್ಕೆ 5 ಗ್ರಾಂ, ಒಂದು ಚಹಾ ಚಮಚಕ್ಕಿಂತ ತುಸು ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿ ಖಾರ ಎಲ್ಲವೂ ಆ ಒಂದು ಚಮಚದ ಒಳಗೇ ಬರಬೇಕು.

ವಾರಕ್ಕೆ ಅರವತ್ತು-ಎಪ್ಪತ್ತು ಗಂಟೆ ಕೆಲಸ. ಅದರಿಂದಲೂ ಸ್ಟ್ರೋಕ್ ಬರುತ್ತಾ?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕ: ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಮತ್ತು ಅದಕ್ಕೂ ಹೆಚ್ಚು ಗಂಟೆ ದುಡಿಯುವವರಲ್ಲಿ ಸ್ಟ್ರೋಕ್ ಅಪಾಯ ಸುಮಾರು ಶೇ 35 ಹೆಚ್ಚು. ಎಪ್ಪತ್ತು ಗಂಟೆ ದುಡಿಯಿರಿ ಎಂದು ಉಪದೇಶ ಮಾಡುವವರು ಈ ಅಂಕಿಯನ್ನೂ ಜೊತೆಗೆ ಹೇಳಿದರೆ ಒಳ್ಳೆಯದಿತ್ತು. ಕೆಲಸವೇ ನಾಳ ಕಟ್ಟುವುದಿಲ್ಲ. ನಿದ್ದೆ ಕಡಿಮೆಯಾಗುತ್ತದೆ, ಕೂತದ್ದು ಕೂತೇ ಇರುತ್ತಾರೆ, ಊಟ ಹೊತ್ತು ತಪ್ಪುತ್ತದೆ, ಸಿಗರೇಟು ಏರುತ್ತದೆ, ಬಿಪಿ ಮಾತ್ರೆ ಮರೆತುಹೋಗುತ್ತದೆ. ಅಪಾಯ ಬರುವುದು ಆ ದಾರಿಯಿಂದ.

ನಾನು ಸಿಗರೇಟು ಸೇದಲ್ಲ, ಬರೀ ಎಲೆಅಡಿಕೆ ಜೊತೆ ಹೊಗೆಸೊಪ್ಪು. ಪರವಾಗಿಲ್ವಾ?

ಪರವಾಗಿಲ್ಲ ಎನ್ನುವಂತಿಲ್ಲ. ಹೊಗೆ ಇಲ್ಲದಿದ್ದರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ, ಬಿಪಿ ಏರಿಸುತ್ತದೆ. ಅಗಿಯುವ ತಂಬಾಕಿಗೂ ಪ್ರಾಣ ತೆಗೆಯುವ ಸ್ಟ್ರೋಕ್‌ಗೂ ನಂಟು ಕಂಡಿದೆ. ಸೇದುವವರಲ್ಲಿ ದಿನಕ್ಕೆ ಎಷ್ಟು ಎನ್ನುವುದರ ಮೇಲೆ ಅಪಾಯ ಏರುತ್ತದೆ. ವಾರವಿಡೀ ಬಿಟ್ಟು ಶನಿವಾರ ರಾತ್ರಿ ಒಂದೇ ಸಲ ಕುಡಿಯುವುದು, ಗಾಂಜಾ, ಕೊಕೇನ್, ಜಿಮ್‌ನಲ್ಲಿ ಗುಟ್ಟಾಗಿ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಇವನ್ನೂ ವೈದ್ಯರ ಮುಂದೆ ಮುಚ್ಚಿಡಬೇಡಿ. ಪೊಲೀಸರಿಗೆ ಹೇಳಲೆಂದು ಅವರು ಕೇಳುವುದಲ್ಲ.

ಕಟಿಂಗ್ ಶಾಪ್‌ನಲ್ಲಿ ಕತ್ತು ಲಟಕ್ ಅನ್ನಿಸ್ತಾರಲ್ಲ, ಅದರಿಂದ ಸ್ಟ್ರೋಕ್ ಆಗುತ್ತೆ ಅನ್ನೋದು ನಿಜಾನಾ?

ನಿಜ, ಅಪರೂಪವಾದರೂ. ಕತ್ತಿನ ಮೂಳೆಗಳ ತೂತಿನೊಳಗೆ ಹಾದು ಮೆದುಳಿಗೆ ಹೋಗುವ ಎರಡು ನಾಳಗಳಿವೆ. ತಲೆಯನ್ನು ಗಕ್ಕನೆ ತಿರುಗಿಸಿದಾಗ ನಾಳದ ಒಳಪದರ ಹರಿದು, ಪದರದ ನಡುವೆ ರಕ್ತ ನುಗ್ಗಿ, ಅಲ್ಲಿ ಗರಣೆ (ಹೆಪ್ಪುಗಟ್ಟಿದ ರಕ್ತ) ಕಟ್ಟಿ ಮೇಲಕ್ಕೆ ಹಾರುತ್ತದೆ. ಕಿರಿಯರಲ್ಲಿ ನಾಳ ಕಟ್ಟಿ ಆಗುವ ಸ್ಟ್ರೋಕ್‌ಗಳಲ್ಲಿ ಐದರಲ್ಲೊಂದರವರೆಗೂ ಕತ್ತಿನ ನಾಳ ಹರಿದವು ಎಂಬ ಲೆಕ್ಕವಿದೆ. ಎಲ್ಲವೂ ಮಸಾಜಿನಿಂದಲ್ಲ: ಬೈಕ್ ಅಪಘಾತ, ಜೋರು ಕೆಮ್ಮು, ಕೆಲವೊಮ್ಮೆ ಕಾರಣವೇ ಇರುವುದಿಲ್ಲ.

ಇದರಲ್ಲಿ ಮುನ್ಸೂಚನೆ ಸಿಗುತ್ತದೆ. ಕತ್ತಿನ ಒಂದೇ ಪಕ್ಕ ಹಿಂದೆಂದೂ ಕಾಣದ ನೋವು, ಅದೇ ಪಕ್ಕದ ತಲೆನೋವು, ಒಂದು ಕಣ್ಣಿನ ರೆಪ್ಪೆ ಸ್ವಲ್ಪ ಇಳಿದು ಪಾಪೆ ಚಿಕ್ಕದಾಗುವುದು. ಸ್ಟ್ರೋಕ್ ಆಗುವುದು ಕೆಲವು ಗಂಟೆ, ಕೆಲವು ದಿನ ಬಿಟ್ಟು. ಅಷ್ಟರಲ್ಲಿ 'ಕತ್ತು ಹಿಡಿದಿದೆ' ಎಂದು ಮತ್ತೊಮ್ಮೆ ತಿರುಗಿಸಿಕೊಳ್ಳಲು ಅದೇ ಕುರ್ಚಿಗೆ ಹೋಗಿ ಕೂರುವವರುಂಟು. ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ತೊಂದರೆಯಿಲ್ಲ. ಕತ್ತಿಗೆ ಕೈ ಹಾಕಿದಾಗ ಬೇಡ ಎನ್ನಿ.

ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅಂತಾರೆ ಅತ್ತೆ. ತಲೆನೋವು ಅಂತಿದ್ದಾಳೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇರಬಹುದು, ತಡಮಾಡಬೇಡಿ. ಮೆದುಳಿನಿಂದ ರಕ್ತ ವಾಪಸು ಒಯ್ಯುವ ಅಭಿಧಮನಿಗಳಲ್ಲಿ ಗರಣೆ ಕಟ್ಟುವ ಒಂದು ಬಗೆಯ ಸ್ಟ್ರೋಕ್ ಇದೆ. ಹೆರಿಗೆಯಾದ ಮೊದಲ ಆರು ವಾರ ಅದರ ಕಾಲ. ಬೆಂಗಳೂರಿನ ನಿಮ್ಹಾನ್ಸ್ ಈ ಬಾಣಂತಿ ಸ್ಟ್ರೋಕ್ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದೆ. ಗರ್ಭಿಣಿಯಾದಾಗಿನಿಂದಲೇ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಅದರ ಮೇಲೆ ನೀರು ಕಟ್ಟಿ, ಬೆಚ್ಚಗಿನ ಕತ್ತಲೆ ಕೋಣೆಯಲ್ಲಿ ಬೆವರಿಸಿ, ರಕ್ತಹೀನತೆಯನ್ನೂ ಹಾಗೇ ಬಿಟ್ಟರೆ ಮೂರೂ ಸೇರಿಕೊಳ್ಳುತ್ತವೆ. ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ನೀರು ಕಡಿಮೆ ಮಾಡುವುದಕ್ಕೆ ಯಾವ ಆಧಾರವೂ ಇಲ್ಲ. ಹಾಲೂಡಿಸುವ ತಾಯಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ದ್ರವ ಬೇಕು. ಬಿಸಿನೀರೇ ಕೊಡಿ, ಜೀರಿಗೆ ಕಷಾಯವೇ ಕೊಡಿ, ಅಳತೆ ಕಡಿಮೆಯಾಗದಿರಲಿ.

ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ತಲೆನೋವಿರುತ್ತದೆ, ಹೆಚ್ಚಾಗಿ ಅದೇ ಮೊದಲ ಲಕ್ಷಣ: ದಿನದಿನಕ್ಕೆ ಏರುತ್ತದೆ, ಮಲಗಿದರೆ, ಬಗ್ಗಿದರೆ ಇನ್ನೂ ಹೆಚ್ಚಾಗುತ್ತದೆ. ಆಮೇಲೆ ವಾಂತಿ, ಮಂಜುಗಣ್ಣು, ಫಿಟ್ಸ್. ಫಿಟ್ಸ್ ಬಂದರೆ ದೃಷ್ಟಿ ತಾಗಿದೆ, ಸನ್ನಿ ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಸಾದಾ ಸಿಟಿ ನಾರ್ಮಲ್ ಬಂದರೂ ಇದು ಇರಬಹುದು. ಅಭಿಧಮನಿಗಳನ್ನೇ ತೋರಿಸುವ ವೆನೋಗ್ರಾಂ ಮಾಡಿಸಬೇಕು. ಚಿಕಿತ್ಸೆ ರಕ್ತ ತೆಳುಮಾಡುವ ಹೆಪಾರಿನ್ ಚುಚ್ಚುಮದ್ದು. ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡರೂ ಇಲ್ಲಿ ಹೆಪಾರಿನ್ ಕೊಡುತ್ತಾರೆ, ಏಕೆಂದರೆ ಆ ರಕ್ತಸ್ರಾವ ಆದದ್ದೇ ಗರಣೆಯ ಹಿಂದೆ ಒತ್ತಡ ಏರಿ. ಮನೆಯವರು ಹೆಚ್ಚು ಗಾಬರಿಯಾಗುವುದು ಇಲ್ಲಿ. ಬೇಗ ಸಿಕ್ಕರೆ ಹೆಚ್ಚಿನವರು ಪೂರ್ತಿ ಚೇತರಿಸಿಕೊಳ್ಳುತ್ತಾರೆ.

ಹಬ್ಬ, ಮದುವೆ ಅಂತ ಮುಟ್ಟು ಮುಂದೂಡೋ ಮಾತ್ರೆ ತಗೊಳ್ತೀವಿ. ಅದು ಸೇಫಾ?

ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವುದು ಸಾಮಾನ್ಯವಾಗಿ ನೊರೆಥಿಸ್ಟೆರಾನ್ 5 ಮಿ.ಗ್ರಾಂ, ದಿನಕ್ಕೆ ಮೂರು. ಅದರ ಒಂದು ಸಣ್ಣ ಪಾಲು ಮೈಯೊಳಗೆ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಆರೋಗ್ಯವಂತರು ಮೂರ್ನಾಲ್ಕು ದಿನ ತೆಗೆದುಕೊಂಡರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಹಿಂದೆ ಕಾಲಿನಲ್ಲಿ ಗರಣೆ ಕಟ್ಟಿದವರು, ಮನೆತನದಲ್ಲಿ ಆ ತೊಂದರೆ ಇರುವವರು, ಇತ್ತೀಚೆಗೆ ಹೆತ್ತವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಇನ್ನೊಂದು ಗುಂಪು: ತಲೆನೋವು ಶುರುವಾಗುವ ಮೊದಲು ಕಣ್ಣೆದುರು ಅಂಕುಡೊಂಕು ಮಿಂಚು ಕಾಣುವ ಮೈಗ್ರೇನ್ ಇರುವವರು. ಈ ಮೈಗ್ರೇನ್ ಸ್ಟ್ರೋಕ್ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಇವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತ್ರೆ ನುಂಗುತ್ತಿರುವಾಗ ಹೊಸ ತಲೆನೋವು ಬಂದು ಎರಡು ದಿನಕ್ಕೂ ಹೋಗದಿದ್ದರೆ ಮಾತ್ರೆ ನಿಲ್ಲಿಸಿ, ತೋರಿಸಿ.

ಚಿಕ್ಕಂದಿನಲ್ಲಿ ಕೀಲು ಜ್ವರ ಬಂದಿತ್ತು, ವಾಲ್ವ್ ತೊಂದರೆ ಇದೆ. ನನಗೆ ಅಪಾಯ ಇದೆಯಾ?

ಇದೆ. ಪಶ್ಚಿಮದ ಅಂಕಿಗಳಲ್ಲಿ ಹೆಚ್ಚು ಕಾಣದ, ನಮ್ಮಲ್ಲಿ ಇನ್ನೂ ಇರುವ ಕಾರಣ ಇದು. ಮೈಟ್ರಲ್ ಕವಾಟ ಕಿರಿದಾಗಿ, ಎದೆಬಡಿತ ತಾಳತಪ್ಪಿದರೆ ಹೃದಯದ ಮೇಲ್ಕೋಣೆಯಲ್ಲಿ ಗರಣೆ ಕಟ್ಟುತ್ತದೆ. ಇಂಥವರಿಗೆ ರಕ್ತ ತೆಳುಮಾಡುವ ವಾರ್ಫರಿನ್ ಅಥವಾ ಅಸಿಟ್ರಾಮ್ ಬೇಕು, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್ಆರ್ ಪರೀಕ್ಷೆ 2ರಿಂದ 3ರ ನಡುವೆ ಇರಬೇಕು. ರಕ್ತ ಪರೀಕ್ಷೆಯ ರಗಳೆ ಇಲ್ಲದ ಹೊಸ ಮಾತ್ರೆಗೆ ಬದಲಾಯಿಸಿ ಎಂದು ಕೇಳುವವರಿಗೆ 2022ರ ಇನ್ವಿಕ್ಟಸ್ ಅಧ್ಯಯನ ಉತ್ತರ ಕೊಟ್ಟಿದೆ: ಕೀಲುಜ್ವರದ ಹೃದ್ರೋಗದಲ್ಲಿ ಹಳೆಯ ಮಾತ್ರೆಯೇ ಹೆಚ್ಚು ಜೀವ ಉಳಿಸಿತು. ಎಡವುವುದು ಇಲ್ಲಿ: ಐಎನ್ಆರ್ ತಿಂಗಳುಗಟ್ಟಲೆ ನೋಡಿಸುವುದಿಲ್ಲ, ಹಲ್ಲು ಕೀಳಿಸಲು ಮಾತ್ರೆ ನಿಲ್ಲಿಸಿದವರು ಮತ್ತೆ ಶುರು ಮಾಡುವುದಿಲ್ಲ. ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಚುಚ್ಚುಮದ್ದು ಮದುವೆಯಾದ ಮೇಲೆ ನಿಂತುಹೋಗುತ್ತದೆ.

ಕೋವಿಡ್ ಲಸಿಕೆಯಿಂದಲೇ ಇದೆಲ್ಲಾ ಶುರುವಾಗಿದ್ದು ಅಲ್ವಾ?

ಮೇಲಿನ ದಿಜೋನ್, ಸಿನ್ಸಿನಾಟಿ ಅಂಕಿಗಳ ಇಸವಿ ನೋಡಿ. ಏರಿಕೆ ಕೋವಿಡ್‌ಗಿಂತ ಎಷ್ಟೋ ಹಿಂದಿನದು.

ಆಸ್ಟ್ರಾಜೆನೆಕಾ ಬಗೆಯ ಲಸಿಕೆಯಿಂದ ಪ್ಲೇಟ್‌ಲೆಟ್ ಇಳಿದು ಗರಣೆ ಕಟ್ಟುವ ಅಪರೂಪದ ತೊಂದರೆ ಆದದ್ದು ನಿಜ. ನಮ್ಮಲ್ಲಿ ಅದೇ ಕೋವಿಶೀಲ್ಡ್. 2021ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಲೆಕ್ಕದಲ್ಲಿ ಗರಣೆ ಕಟ್ಟಿರಬಹುದಾದ 26 ಪ್ರಕರಣಗಳಿದ್ದವು, ಹತ್ತು ಲಕ್ಷ ಡೋಸಿಗೆ 0.61. ಆ ತೊಂದರೆ ಕಾಣಿಸುತ್ತಿದ್ದದ್ದು ಚುಚ್ಚಿಸಿಕೊಂಡ ಕೆಲವೇ ವಾರಗಳೊಳಗೆ. ವರ್ಷಗಳ ನಂತರದ ಸ್ಟ್ರೋಕ್‌ಗೆ ಅದನ್ನು ಹೊಣೆ ಮಾಡಲಾಗದು. ಕೋವಿಡ್ ಸೋಂಕೇ ಗರಣೆ ಕಟ್ಟಿಸುತ್ತಿದ್ದದ್ದು ಇದಕ್ಕಿಂತ ಎಷ್ಟೋ ಹೆಚ್ಚು. 2020ರ ಮಾರ್ಚ್–ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಒಂದೇ ಆಸ್ಪತ್ರೆ ಸಮೂಹಕ್ಕೆ ಎರಡು ವಾರದಲ್ಲಿ 50ರ ಒಳಗಿನ ಐವರು ಸೋಂಕಿತರು ದೊಡ್ಡ ನಾಳದ ಸ್ಟ್ರೋಕ್‌ನಿಂದ ಬಂದಿದ್ದರು. ಮಾಮೂಲಿಗೆ ಅಷ್ಟು ಅವಧಿಯಲ್ಲಿ ಬರುತ್ತಿದ್ದದ್ದು ಸರಾಸರಿ ಒಬ್ಬರಿಗಿಂತಲೂ ಕಡಿಮೆ.

## ಆಸ್ಪತ್ರೆಯ ಒಳಗೆ ಮತ್ತು ಆಮೇಲೆ

ತಾಲ್ಲೂಕು ಆಸ್ಪತ್ರೇಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಯೋಜನೇಲಿ ಇಂಜೆಕ್ಷನ್ ಫ್ರೀ ಕೊಡ್ತಾರಲ್ಲ, ಸ್ಟ್ರೋಕ್‌ಗೂ ಕೊಡಬಹುದಾ?

ಹೃದಯ ಜ್ಯೋತಿ ಯೋಜನೆಯ ಟೆನೆಕ್ಟೆಪ್ಲೇಸ್ ಹೃದಯಾಘಾತಕ್ಕೆ. ಸ್ಟ್ರೋಕ್‌ಗೆ ಗರಣೆ ಕರಗಿಸಲು ಕೊಡುವುದೂ ಇದೇ ಜಾತಿಯ ಔಷಧಿ ಎನ್ನುವುದು ನಿಜ. ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಹೃದಯಕ್ಕೆ ಇಸಿಜಿ ಸಾಕು, ಮೆದುಳಿಗೆ ಸಿಟಿ ಬೇಕು. ಒಡೆದ ನಾಳಕ್ಕೆ ಈ ಔಷಧಿ ಕೊಟ್ಟರೆ ಸಾವೇ.

ಸ್ಟ್ರೋಕ್‌ನಲ್ಲಿ ಸಮಯ 4.5 ಗಂಟೆ. ಆಲ್ಟೆಪ್ಲೇಸ್ ಆದರೆ ತೂಕದ ಕಿಲೋಗೆ 0.9 ಮಿ.ಗ್ರಾಂ, ಒಟ್ಟು 90 ಮೀರದಂತೆ. ಹತ್ತನೇ ಒಂದು ಪಾಲು ಒಮ್ಮೆಗೆ, ಉಳಿದದ್ದು ಒಂದು ಗಂಟೆಯಲ್ಲಿ. ಕೊಡುವ ಮೊದಲು ಬಿಪಿ 185/110ರ ಕೆಳಗಿರಬೇಕು. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ನಾಳದಿಂದ ತಂತಿ ತೂರಿಸಿ ಗರಣೆಯನ್ನೇ ಎಳೆದು ತೆಗೆಯುತ್ತಾರೆ. ಇದನ್ನು ಸಾಮಾನ್ಯವಾಗಿ ಆರು ಗಂಟೆಯೊಳಗೆ, ಸ್ಕ್ಯಾನಿನಲ್ಲಿ ಉಳಿಸಬಹುದಾದ ಮೆದುಳು ಕಂಡರೆ 24 ಗಂಟೆಯವರೆಗೂ ಮಾಡಬಹುದು. ಅದು ದೊಡ್ಡ ಊರುಗಳ ಕೆಲವೇ ಆಸ್ಪತ್ರೆಗಳಲ್ಲಿದೆ.

ಎಲ್ಲಾ ಟೆಸ್ಟ್ ನಾರ್ಮಲ್ ಅಂದ್ರು. ಕಾರಣ ಇಲ್ದೇ ಸ್ಟ್ರೋಕ್ ಬರುತ್ತಾ?

ಕಿರಿಯರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಕಾರಣ ಸಿಗುವುದಿಲ್ಲ. ಆದರೆ 'ಎಲ್ಲಾ ಟೆಸ್ಟ್' ಎಂದರೆ ಏನೇನು ಎಂದು ಚೀಟಿ ತೆಗೆದು ನೋಡಿ. ಎಂಆರ್‌ಐ ಜೊತೆ ಕತ್ತಿನ ಮತ್ತು ತಲೆಯ ನಾಳಗಳ ಚಿತ್ರ, ಹೃದಯದ ಎಕೋ, ಎದೆಬಡಿತವನ್ನು ಬಿಡದೆ ದಾಖಲಿಸುವ ಹೋಲ್ಟರ್ ಕನಿಷ್ಠ 24 ಗಂಟೆ, ಶುಗರಿಗೆ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಇಎಸ್ಆರ್, ಎಚ್ಐವಿ ಮತ್ತು ಸಿಫಿಲಿಸ್ ಪರೀಕ್ಷೆ, ಹೋಮೋಸಿಸ್ಟೀನ್ ಆಗಿದೆಯೇ? ಮಾಂಸ ತಿನ್ನದವರಲ್ಲಿ ಬಿ12 ಇಳಿದು ಹೋಮೋಸಿಸ್ಟೀನ್ ಏರಿರುವುದು ಸಾಮಾನ್ಯ. ನಮ್ಮಲ್ಲಿ ಕ್ಷಯದ ಮೆದುಳುಜ್ವರವೂ ನಾಳಗಳನ್ನು ಕಟ್ಟಿಸುತ್ತದೆ. ಜ್ವರ ಬರುತ್ತಿದ್ದರೆ, ತೂಕ ಇಳಿದಿದ್ದರೆ ಹೇಳಿ. ಮಂಡಲದ ಹಾವು ಕಚ್ಚಿದ ಮೇಲೂ ಸ್ಟ್ರೋಕ್ ಆಗುವುದುಂಟು.

ಹಣ ದಂಡವಾಗುವ ಒಂದು ಜಾಗ ಹೇಳುತ್ತೇವೆ. ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರೋಂಬಿನ್ ಅಳೆಯುವ ದುಬಾರಿ ಪ್ಯಾಕೇಜ್ ಅನ್ನು ಸ್ಟ್ರೋಕ್ ಆದ ವಾರದಲ್ಲೇ ಮಾಡಿಸುತ್ತಾರೆ. ಆಗ ಅವು ಸಹಜವಾಗಿಯೇ ಇಳಿದಿರುತ್ತವೆ, ವಾರ್ಫರಿನ್ ನುಂಗುತ್ತಿದ್ದರೆ ಮೊದಲೆರಡು ಮತ್ತಷ್ಟು ಇಳಿಯುತ್ತವೆ. ಅದನ್ನು ನಂಬಿ 'ಹುಟ್ಟುಗುಣದ ರಕ್ತದೋಷ' ಎಂದು ಜೀವನಪೂರ್ತಿ ಮಾತ್ರೆ ನುಂಗುವವರಿದ್ದಾರೆ. ಮೂರು ತಿಂಗಳು ಬಿಟ್ಟು ಮಾಡಿಸಿ. ಮೇಲಿಂದ ಮೇಲೆ ಗರ್ಭ ಜಾರಿದ ಹೆಂಗಸಿಗೆ ಸ್ಟ್ರೋಕ್ ಆದರೆ ಆಂಟಿಫಾಸ್ಫೋಲಿಪಿಡ್ ಪರೀಕ್ಷೆ ಮಾಡಲೇಬೇಕು, 12 ವಾರ ಬಿಟ್ಟು ಮತ್ತೊಮ್ಮೆ ಮಾಡಿದಾಗಲೂ ಬಂದರೆ ಮಾತ್ರ ಅದನ್ನು ರೋಗ ಎನ್ನಬೇಕು.

ಎಕೋದಲ್ಲಿ ಹೃದಯದಲ್ಲಿ ತೂತಿದೆ ಅಂದ್ರು. ಮುಚ್ಚಿಸಿಬಿಡೋಣಾ?

ಪಿಎಫ್ಒ ಎನ್ನುವ ಈ ಸಂದು ನಾಲ್ವರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಉಳಿದಿರುತ್ತದೆ. ಅವರಲ್ಲಿ ಬಹುತೇಕರಿಗೆ ಸ್ಟ್ರೋಕ್ ಬರುವುದೇ ಇಲ್ಲ. ಹಾಗಾಗಿ ತೂತು ಸಿಕ್ಕಿತೆಂದರೆ ಕಾರಣ ಸಿಕ್ಕಿತೆಂದಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ, ಸಿಗರೇಟಿಲ್ಲ, ವಯಸ್ಸು ಕಡಿಮೆ, ಸ್ಕ್ಯಾನಿನಲ್ಲಿ ಗಾಯ ಮೆದುಳಿನ ಹೊರಪದರದಲ್ಲಿದೆ: ಇಷ್ಟೂ ಕೂಡಿದರೆ ತೂತಿನ ಮೇಲೆ ಅನುಮಾನ ಬಲವಾಗುತ್ತದೆ. ಇದಕ್ಕೆ ಹತ್ತು ಅಂಕದ ರೋಪ್ ಲೆಕ್ಕವಿದೆ, ಏಳು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಂಭೀರವಾಗಿ ಯೋಚಿಸುತ್ತಾರೆ. 2017ರಲ್ಲಿ ಹೊರಬಂದ ಮೂರು ಅಧ್ಯಯನಗಳು, ಸರಿಯಾಗಿ ಆರಿಸಿದ 60ರೊಳಗಿನವರಲ್ಲಿ ಮುಚ್ಚುವುದರಿಂದ ಮರುಸ್ಟ್ರೋಕ್ ಇಳಿಯುತ್ತದೆ ಎಂದು ತೋರಿಸಿವೆ. ಬಿಪಿ 170 ಇರುವ ಸಿಗರೇಟು ಸೇದುವವರಿಗೆ ತೂತು ಮುಚ್ಚಿ ಕಳಿಸಿದರೆ ರೋಗ ಇದ್ದಲ್ಲೇ ಇರುತ್ತದೆ.

ಫಿಸಿಯೋಥೆರಪಿ ಎಷ್ಟು ದಿನ? ಸ್ಮೈಲಿ ಬಾಲ್ ಒತ್ತಿದ್ರೆ ಕೈ ಬರುತ್ತಾ?

ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಮಾತಿನ ಚೇತರಿಕೆ ವರ್ಷಗಟ್ಟಲೆ ನಡೆಯುತ್ತದೆ. ಮೊದಲ 24 ಗಂಟೆಯಲ್ಲೇ ಎಬ್ಬಿಸಿ ಹೆಚ್ಚು ಹೊತ್ತು ನಡೆಸಿದರೆ ಫಲಿತಾಂಶ ಕೆಡುತ್ತದೆ ಎಂದು 2015ರ ಅವರ್ಟ್ ಅಧ್ಯಯನ ತೋರಿಸಿದೆ, ಆದ್ದರಿಂದ ಆತುರ ಬೇಡ.

ಬಿದ್ದ ಕೈ ಹಿಡಿದು ಎಳೆದು ಕೂರಿಸಬೇಡಿ. ಸ್ನಾಯು ಸಡಿಲವಾಗಿರುವಾಗ ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋವು ಕೊಡುತ್ತದೆ. ಬೆನ್ನಿನ ಹಿಂದೆ ಕೈ ಕೊಟ್ಟು ಎಬ್ಬಿಸಿ, ಕೂತಾಗ ಕೈಗೆ ದಿಂಬು ಕೊಡಿ. ಬೆರಳು ಬಿಗಿದು ಮುಷ್ಟಿಯಾಗುತ್ತಿದ್ದರೆ ಚೆಂಡು ಒತ್ತುವುದು ಆ ಬಿಗಿತವನ್ನೇ ಬೆಳೆಸುತ್ತದೆ. ಬೇಕಾದದ್ದು ಬಿಡಿಸುವ ಕೆಲಸ: ಲೋಟ ಹಿಡಿದು ಬಿಡುವುದು, ಬಟಾಣಿ ಹೆಕ್ಕಿ ಹಾಕುವುದು, ಅಂಗಿ ಗುಂಡಿ ಬಿಚ್ಚುವುದು. ಚೆನ್ನಾಗಿರುವ ಕೈಯಿಂದಲೇ ಎಲ್ಲ ಮಾಡಿಕೊಳ್ಳುತ್ತಾ ಹೋದರೆ ಇನ್ನೊಂದು ಕೈಯನ್ನು ಮೆದುಳು ಮರೆಯುತ್ತದೆ. ಆರು ತಿಂಗಳಾದರೂ ಅಳು, ಸಿಟ್ಟು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದ್ದರೆ ಸೋಮಾರಿತನ ಎನ್ನಬೇಡಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿ ಇದೆ.

ಈಗ ಪೂರ್ತಿ ಸರಿಹೋಗಿದೀನಿ. ಮಾತ್ರೆ ನಿಲ್ಲಿಸಬಹುದಾ?

ಯಾವ ಮಾತ್ರೆ ಎನ್ನುವುದರ ಮೇಲಿದೆ. ಸಣ್ಣ ಸ್ಟ್ರೋಕ್ ಅಥವಾ ಮಿನಿ ಸ್ಟ್ರೋಕ್ ಆದಾಗ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡನ್ನೂ ಒಟ್ಟಿಗೆ ಕೊಡುವುದು ಸಾಮಾನ್ಯವಾಗಿ 21 ದಿನಕ್ಕೆ. ಆಮೇಲೆ ಒಂದೇ ಸಾಕು. ಚೀಟಿ ಬದಲಾಗದೆ ಎರಡನ್ನೂ ಮೂರು ವರ್ಷ ನುಂಗಿ ಹೊಟ್ಟೆಯಲ್ಲಿ ರಕ್ತಸ್ರಾವವಾಗಿ ಬರುವವರಿದ್ದಾರೆ. ಡಿಸ್ಚಾರ್ಜ್ ಆಗುವಾಗಲೇ 'ಎರಡನೆಯದು ಯಾವ ತಾರೀಖಿಗೆ ನಿಲ್ಲಬೇಕು' ಎಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಬಾಣಂತಿ ಸ್ಟ್ರೋಕ್‌ಗೆ ರಕ್ತ ತೆಳುಮಾಡುವ ಮಾತ್ರೆ 3ರಿಂದ 12 ತಿಂಗಳು. ಕತ್ತಿನ ನಾಳ ಹರಿದದ್ದಕ್ಕೆ ಕನಿಷ್ಠ ಮೂರು ತಿಂಗಳು, ಮತ್ತೆ ಸ್ಕ್ಯಾನ್ ನೋಡಿ ತೀರ್ಮಾನ. ಬಿಪಿ ಮಾತ್ರೆ ಮುಂದುವರಿಯಲೇಬೇಕು, ಗುರಿ 130/80ರ ಕೆಳಗೆ. ಬಿಪಿ ನಾರ್ಮಲ್ ಬಂತು ಎಂದು ನಿಲ್ಲಿಸುವವರು ಬಹಳ, ನಾರ್ಮಲ್ ಬಂದದ್ದು ಮಾತ್ರೆಯಿಂದ. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರಿಗೂ ಒಮ್ಮೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ.